ಕದನವಿರಾಮದ ಬಳಿಕ ಶಾಂತಿಪಾಲನಾ ಪಡೆಗಳು

ಯುದ್ಧ ನಿಲ್ಲಿಸಲು ಒಪ್ಪಿದ ಪಕ್ಷಗಳ ನಡುವೆ ನಿಂತು, ಆ ಒಪ್ಪಂದ ಮುರಿದುಬೀಳದಂತೆ ಕಾಯಲು ಹೊರದೇಶಗಳಿಂದ ಬರುವ ಸೈನಿಕರು, ಪೊಲೀಸರು ಮತ್ತು ವೀಕ್ಷಕರ ತಂಡಕ್ಕೆ ಶಾಂತಿಪಾಲನಾ ಪಡೆ ಎನ್ನುತ್ತಾರೆ. ಇಂಥ ಪಡೆಗಳಲ್ಲಿ ಹೆಚ್ಚಿನವನ್ನು ಕಳಿಸಿದ್ದು ವಿಶ್ವಸಂಸ್ಥೆ. ನ್ಯಾಟೊ, ಆಫ್ರಿಕನ್ ಒಕ್ಕೂಟದಂಥ ಕೂಟಗಳು ಕಳಿಸಿದ್ದೂ ಉಂಟು, ಒಂದೇ ದೇಶ ತನ್ನ ಸೈನ್ಯವನ್ನು ಈ ಕೆಲಸಕ್ಕೆ ಇಳಿಸಿದ್ದೂ ಉಂಟು. ವಿಶ್ವಸಂಸ್ಥೆಯ ಸನ್ನದಿನ ಆರನೆಯ ಅಧ್ಯಾಯದಲ್ಲಿ ಸಂಧಾನ, ಮಧ್ಯಸ್ಥಿಕೆಗಳ ಮಾತಿದೆ. ಏಳನೆಯದರಲ್ಲಿ ಬಲಪ್ರಯೋಗದ ಮಾತಿದೆ. ಕೈಯಲ್ಲಿ ಬಂದೂಕಿದ್ದೂ ಯುದ್ಧಕ್ಕೆ ಇಳಿಯದ ಪಡೆಯೊಂದರ ಪ್ರಸ್ತಾಪ ಅಲ್ಲಿ ಎಲ್ಲಿಯೂ ಇಲ್ಲ. ಸಂದರ್ಭದ ಒತ್ತಡದಲ್ಲಿ ಹುಟ್ಟಿ ರೂಢಿಯಿಂದ ಬೆಳೆದ ವ್ಯವಸ್ಥೆ ಇದು. 1948ರಿಂದ ಈಚೆಗೆ ವಿಶ್ವಸಂಸ್ಥೆ 70ಕ್ಕೂ ಹೆಚ್ಚು ಕಾರ್ಯಾಚರಣೆಗಳನ್ನು ನಡೆಸಿದೆ. ಅವುಗಳಲ್ಲಿ 4,000ಕ್ಕೂ ಹೆಚ್ಚು ಮಂದಿ ಪ್ರಾಣ ಕೊಟ್ಟಿದ್ದಾರೆ.

ಈ ಪಡೆಗಳಿಂದ ನಿಜಕ್ಕೂ ಪ್ರಯೋಜನ ಉಂಟೇ ಎಂಬ ಪ್ರಶ್ನೆಗೆ ರುವಾಂಡಾ, ಸ್ರೆಬ್ರೆನಿಕಾಗಳ ಹೆಸರು ಹೇಳಿ ಇಲ್ಲ ಎಂದುಬಿಡುವವರು ಬಹಳ. ಅವು ಮರೆಯಬಾರದ ಸೋಲುಗಳು. ಆದರೆ ನಮೀಬಿಯಾ, ಮೊಜಾಂಬಿಕ್, ಸಿಯೆರಾ ಲಿಯೋನ್‌ಗಳಲ್ಲಿ ಮತ್ತೆ ಹೊತ್ತಿಕೊಳ್ಳದ ಯುದ್ಧ ಯಾವ ಪತ್ರಿಕೆಯ ಮುಖಪುಟಕ್ಕೂ ಬರುವುದಿಲ್ಲ. ಒಟ್ಟು ದಾಖಲೆಯನ್ನು ಮುಂದಿಟ್ಟುಕೊಂಡು ನೋಡಿದರೆ, ಕದನವಿರಾಮದ ಬಳಿಕ ಹೋದ ಪಡೆಗಳು ಜನ ಭಾವಿಸಿದ್ದಕ್ಕಿಂತ ಹೆಚ್ಚು ಸಲ ತಮ್ಮ ಕೆಲಸ ಮಾಡಿವೆ. ಕಾದಾಡಿದವರಿಗೆ ನಿಲ್ಲಿಸುವ ಮನಸ್ಸಿದ್ದಲ್ಲಿ ಆ ಮನಸ್ಸಿಗೆ ಅವು ಭದ್ರತೆ ಕೊಟ್ಟಿವೆ. ಮನಸ್ಸೇ ಇಲ್ಲದ ಕಡೆ ಅದನ್ನು ಹುಟ್ಟಿಸುವುದು ಅವುಗಳಿಂದ ಆಗಿಲ್ಲ.

ಕದನವಿರಾಮ ಮುರಿಯುವ ಬಗೆ

ಸಹಿ ಹಾಕಿದ ಮರುದಿನವೇ ಎರಡೂ ಕಡೆಯವರನ್ನು ಕಾಡುವುದು ಒಂದೇ ಅಂಜಿಕೆ: ನಾವು ಆಯುಧ ಕೆಳಗಿಟ್ಟಾಗ ಅವರು ಇಡದಿದ್ದರೆ? ಅಂತರ್ಯುದ್ಧದಲ್ಲಿ ಈ ಅಂಜಿಕೆ ಇನ್ನೂ ಕಠಿಣ. ಎರಡು ದೇಶಗಳಾದರೆ ತಮ್ಮ ತಮ್ಮ ಗಡಿಯೊಳಗೆ ಸೈನ್ಯ ಉಳಿಸಿಕೊಳ್ಳಬಹುದು. ಒಂದೇ ದೇಶದೊಳಗಿನ ಬಂಡಾಯಗಾರರು ಪಡೆಯನ್ನು ವಿಸರ್ಜಿಸಿ ನಿನ್ನೆಯ ಶತ್ರುವಿನ ಸರ್ಕಾರದ ಕೆಳಗೆ ಬದುಕಬೇಕು. ಅಮೆರಿಕದ ವಿದ್ವಾಂಸೆ ಬಾರ್ಬರಾ ವಾಲ್ಟರ್ 2002ರ ತಮ್ಮ ಪುಸ್ತಕದಲ್ಲಿ ಅಂತರ್ಯುದ್ಧದ ಸಂಧಾನಗಳು ಮುರಿಯಲು ಇದನ್ನೇ ಮುಖ್ಯ ಕಾರಣವಾಗಿ ಕಂಡರು. ಹೊರಗಿನವರು ಯಾರಾದರೂ ಜಾಮೀನು ನಿಲ್ಲದಿದ್ದರೆ ಒಪ್ಪಂದ ಕಾಗದದ ಮೇಲೇ ಉಳಿಯುತ್ತದೆ ಎಂಬುದು ಅವರ ವಾದ.

ಎರಡನೆಯ ಅಪಾಯ ಆಕಸ್ಮಿಕಗಳದು. ಇದಕ್ಕೆ 2010ರ ಆಗಸ್ಟ್ 3ರಂದು ದಕ್ಷಿಣ ಲೆಬನಾನಿನ ಅದೈಸೆ ಹಳ್ಳಿಯ ಬಳಿ ನಡೆದ ಘಟನೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಗಡಿಬೇಲಿಯ ಆಚೆ ಬೆಳೆದಿದ್ದ ಒಂದು ಮರ ತಮ್ಮ ಕ್ಯಾಮೆರಾಗಳಿಗೆ ಅಡ್ಡವಾಗುತ್ತದೆ ಎಂದು ಇಸ್ರೇಲಿ ಸೈನಿಕರು ಕ್ರೇನ್ ತಂದು ಕೊಂಬೆ ಕಡಿಯಲು ಹೊರಟರು. ಮರ ನಮ್ಮ ನೆಲದಲ್ಲಿದೆ ಎಂದು ಲೆಬನಾನಿನ ಸೈನಿಕರು ಗುಂಡು ಹಾರಿಸಿದರು. ಇಸ್ರೇಲಿನ ಒಬ್ಬ ಹಿರಿಯ ಅಧಿಕಾರಿ, ಲೆಬನಾನಿನ ಸೈನಿಕರು ಮತ್ತು ಒಬ್ಬ ಪತ್ರಕರ್ತ ಸತ್ತರು. ಇಸ್ರೇಲ್ ಮತ್ತು ಲೆಬನಾನಿನ ಸಶಸ್ತ್ರ ಸಂಘಟನೆ ಹೆಜ್ಬೊಲ್ಲಾದ ನಡುವಿನ 2006ರ ಯುದ್ಧ ಮುಗಿದು ಆಗ ನಾಲ್ಕೇ ವರ್ಷ. ಆ ಪ್ರದೇಶದಲ್ಲಿದ್ದ ವಿಶ್ವಸಂಸ್ಥೆಯ ಪಡೆಯ ಕಮಾಂಡರ್ ಎರಡೂ ಕಡೆಯ ಅಧಿಕಾರಿಗಳನ್ನು ಕೂಡಲೇ ಕರೆದು ಕೂರಿಸಿದರು. ಮರ ಬೇಲಿಯ ಆಚೆಗಿದ್ದರೂ ವಿಶ್ವಸಂಸ್ಥೆ ಗುರುತಿಸಿದ ನೀಲಿ ಗೆರೆಯ ಇಸ್ರೇಲಿ ಬದಿಯಲ್ಲೇ ಇತ್ತು ಎಂದು ಪಡೆ ಹೇಳಿತು. ಮರ ಉರುಳಿತು, ಗುಂಡಿನ ಸದ್ದು ಅಡಗಿತು.

ಇಲ್ಲಿ ಪಡೆಯ ಬಂದೂಕಿಗೆ ಏನೂ ಕೆಲಸವಿರಲಿಲ್ಲ. ಅದು ಮಾಡಿದ್ದು ಮೂರು ಕೆಲಸ: ಗೆರೆ ಎಲ್ಲಿದೆ ಎಂದು ಎರಡೂ ಕಡೆಯವರು ನಂಬುವ ಹಾಗೆ ಹೇಳಿತು, ಪರಸ್ಪರ ರಾಜತಾಂತ್ರಿಕ ಸಂಬಂಧವೇ ಇಲ್ಲದ ಎರಡು ದೇಶಗಳ ಅಧಿಕಾರಿಗಳನ್ನು ಒಂದೇ ಕೋಣೆಗೆ ತಂದಿತು, ಪ್ರತೀಕಾರಕ್ಕೆ ಹೊರಟವರಿಗೆ, ಮುಖ ಉಳಿಸಿಕೊಂಡು ಹಿಂದೆ ಸರಿಯಲು ದಾರಿ ಮಾಡಿಕೊಟ್ಟಿತು. ಶಾಂತಿಪಾಲನೆಯ ದಿನನಿತ್ಯದ ದುಡಿಮೆಯಲ್ಲಿ ಬಹುಪಾಲು ಇಂಥದೇ. ಯಾವ ಠಾಣೆಗೆ ಎಷ್ಟು ಸೈನಿಕರು ಬಂದರು, ಯಾವ ಮರಳುಮೂಟೆ ಎಲ್ಲಿಂದ ಎಲ್ಲಿಗೆ ಸರಿಯಿತು, ಯಾರು ಮೊದಲು ಕಲ್ಲೆಸೆದರು ಎಂದು ಬರೆದಿಡುವುದು, ದೂರು ಬಂದರೆ ಹೋಗಿ ನೋಡುವುದು, ವದಂತಿ ಹಬ್ಬುವ ಮೊದಲು ನಡೆದದ್ದು ಏನೆಂದು ಎರಡೂ ಕಡೆಗೆ ತಿಳಿಸುವುದು.

ಆರಂಭದ ದಶಕಗಳು

ಮೊದಲ ಕಾರ್ಯಾಚರಣೆ 1948ರ ಮೇ ತಿಂಗಳಲ್ಲಿ ಪ್ಯಾಲೆಸ್ಟೈನಿನಲ್ಲಿ ಆರಂಭವಾಯಿತು. ಆಯುಧವಿಲ್ಲದ ಸೇನಾ ವೀಕ್ಷಕರು ಅರಬ್–ಇಸ್ರೇಲಿ ಕದನವಿರಾಮದ ಮೇಲೆ ಕಣ್ಣಿಡಬೇಕಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಮಧ್ಯಸ್ಥಗಾರ, ಸ್ವೀಡನ್ನಿನ ಫೋಲ್ಕೆ ಬರ್ನಾಡೋಟ್ ಜೆರುಸಲೇಮಿನಲ್ಲಿ ಯಹೂದಿ ಉಗ್ರರ ಗುಂಡಿಗೆ ಬಲಿಯಾದರು. 1949ರ ಜನವರಿಯಲ್ಲಿ ವೀಕ್ಷಕರ ಇನ್ನೊಂದು ತಂಡ ಕಾಶ್ಮೀರಕ್ಕೆ ಬಂತು. ಅದು ಇಂದಿಗೂ ಅಲ್ಲೇ ಇದೆ. 1972ರ ಸಿಮ್ಲಾ ಒಪ್ಪಂದದ ಬಳಿಕ ಆ ತಂಡದ ಕೆಲಸ ಮುಗಿಯಿತು ಎಂಬುದು ಭಾರತದ ನಿಲುವು. ಪಾಕಿಸ್ತಾನ ಮಾತ್ರ ಉಲ್ಲಂಘನೆಯ ದೂರುಗಳನ್ನು ಅದಕ್ಕೆ ಸಲ್ಲಿಸುತ್ತಲೇ ಬಂದಿದೆ. ನಿಯಂತ್ರಣ ರೇಖೆಯಲ್ಲಿ 2003ರ ನವೆಂಬರಿನಲ್ಲಿ ಮತ್ತು 2021ರ ಫೆಬ್ರುವರಿಯಲ್ಲಿ ಗುಂಡಿನ ಸದ್ದು ನಿಂತದ್ದಕ್ಕೆ ಈ ವೀಕ್ಷಕರು ಕಾರಣರಲ್ಲ. ಎರಡೂ ಸಲ ಭಾರತ–ಪಾಕಿಸ್ತಾನಗಳು ನೇರವಾಗಿ ಒಪ್ಪಿಕೊಂಡವು. ಒಂದು ಪಕ್ಷ ಒಪ್ಪದ ಮೂರನೆಯವನು ಅಲ್ಲಿ ಇದ್ದೂ ಇಲ್ಲದಂತೆ.

ಆಯುಧ ಹಿಡಿದ ಮೊದಲ ಪಡೆ ಹುಟ್ಟಿದ್ದು 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ. ಈಜಿಪ್ಟಿನ ಮೇಲೆ ಬಿದ್ದವರಲ್ಲಿ ಬ್ರಿಟನ್, ಫ್ರಾನ್ಸ್‌ಗಳೂ ಇದ್ದುದರಿಂದ ಭದ್ರತಾ ಮಂಡಳಿ ಅವರ ವಿಟೋದಲ್ಲಿ ಸಿಕ್ಕಿಕೊಂಡಿತು. ಕೆನಡಾದ ಲೆಸ್ಟರ್ ಪಿಯರ್ಸನ್ ಸೂಚಿಸಿದ ಹಾಗೆ ಸಾಮಾನ್ಯ ಸಭೆಯೇ ಪಡೆಯನ್ನು ರಚಿಸಿತು. ಮಹಾಕಾರ್ಯದರ್ಶಿ ಡಾಗ್ ಹ್ಯಾಮರ್‌ಷೋಲ್ಡ್ ಅದಕ್ಕೆ ನಿಯಮಗಳನ್ನು ರೂಪಿಸಿದರು. ಆತಿಥೇಯ ದೇಶದ ಒಪ್ಪಿಗೆ, ನಿಷ್ಪಕ್ಷಪಾತ, ಆತ್ಮರಕ್ಷಣೆಗೆ ಮಾತ್ರ ಬಲಪ್ರಯೋಗ ಎಂಬ ಮೂರು ಸೂತ್ರಗಳು ಅಲ್ಲಿಂದ ಬಂದವು. ನೀಲಿ ಹೆಲ್ಮೆಟ್ ಬಂದದ್ದೂ ಆಗಲೇ.

ಆ ಪಡೆ ಹತ್ತು ವರ್ಷ ಗಾಜಾ ಮತ್ತು ಸಿನಾಯ್ ಗಡಿಯನ್ನು ಹೆಚ್ಚು ಕಡಿಮೆ ಶಾಂತವಾಗಿಟ್ಟಿತು. 1967ರ ಮೇ ತಿಂಗಳಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸೆರ್ ಅದನ್ನು ತೆಗೆಯಿರಿ ಎಂದರು. ಇಸ್ರೇಲ್ ತನ್ನ ಬದಿಯಲ್ಲಿ ಪಡೆಗೆ ಜಾಗ ಕೊಡಲು ಮೊದಲಿನಿಂದಲೂ ಒಪ್ಪಿರಲಿಲ್ಲ. ಮಹಾಕಾರ್ಯದರ್ಶಿ ಊ ಥಾಂಟ್ ಈಜಿಪ್ಟಿನ ಬೇಡಿಕೆಗೆ ಮಣಿದರು. ಜೂನ್ 5ರಂದು ಯುದ್ಧ ಹತ್ತಿಕೊಂಡಿತು. ಆಗ ಪಡೆಯ ಕಮಾಂಡರ್ ಆಗಿದ್ದವರು ಭಾರತದ ಮೇಜರ್ ಜನರಲ್ ಇಂದರ್ ಜಿತ್ ರಿಖಿ. ಗಾಜಾದಿಂದ ಹೊರಡುವ ಸಿದ್ಧತೆಯಲ್ಲಿದ್ದ ಭಾರತೀಯ ಸೈನಿಕರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಆ ಯುದ್ಧದ ದಾಳಿಗಳಲ್ಲಿ ಸತ್ತರು. ಊ ಥಾಂಟ್ ಅವಸರಪಟ್ಟರೆಂಬ ಟೀಕೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಆ ಟೀಕೆಯಲ್ಲಿ ಹೆಚ್ಚು ಹುರುಳಿಲ್ಲ: ಒಪ್ಪಿಗೆಯ ಮೇಲೆ ನಿಂತ ಕೆಲವು ಸಾವಿರ ಸೈನಿಕರು, ಒಪ್ಪಿಗೆ ಹಿಂತೆಗೆದ ಸರ್ಕಾರದ ಸೈನ್ಯವನ್ನು ಅದರ ನೆಲದಲ್ಲೇ ತಡೆಯುವಂತಿರಲಿಲ್ಲ.

ಸೈಪ್ರಸ್: ಅರುವತ್ತು ವರ್ಷದ ಕಾವಲು

ಶಾಂತಿಪಾಲನೆಯ ಶಕ್ತಿ, ಮಿತಿ ಎರಡನ್ನೂ ಒಂದೇ ಕಡೆ ನೋಡಬೇಕಾದರೆ ಸೈಪ್ರಸ್ಸಿಗೆ ಹೋಗಬೇಕು. 1963ರ ಡಿಸೆಂಬರಿನಲ್ಲಿ ಗ್ರೀಕ್ ಮತ್ತು ಟರ್ಕಿಷ್ ಸಮುದಾಯಗಳ ನಡುವೆ ರಕ್ತಪಾತ ನಡೆದಾಗ ಬ್ರಿಟಿಷ್ ಅಧಿಕಾರಿಯೊಬ್ಬರು ರಾಜಧಾನಿ ನಿಕೋಸಿಯಾದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಗೆರೆ ಎಳೆದರು. 1964ರ ಮಾರ್ಚ್‌ನಲ್ಲಿ ಭದ್ರತಾ ಮಂಡಳಿಯ 186ನೆಯ ನಿರ್ಣಯದ ಮೂಲಕ ವಿಶ್ವಸಂಸ್ಥೆಯ ಪಡೆ ಬಂತು. ಅದರ ಮೊದಲ ಕಮಾಂಡರ್ ಭಾರತದ ಲೆಫ್ಟಿನೆಂಟ್ ಜನರಲ್ ಪಿ. ಎಸ್. ಗ್ಯಾನಿ. ಜುಲೈ ತಿಂಗಳಲ್ಲಿ ಆ ಹೊಣೆ ಹೊತ್ತವರು ಕೊಡಗಿನ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

ತಿಮ್ಮಯ್ಯನವರಿಗೆ ಕದನವಿರಾಮದ ನಂತರದ ಕೆಲಸ ಹೊಸದಾಗಿರಲಿಲ್ಲ. 1953ರಲ್ಲಿ ಕೊರಿಯಾದ ಯುದ್ಧ ನಿಂತಾಗ ತಾಯ್ನಾಡಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಭವಿಷ್ಯ ತೀರ್ಮಾನಿಸಲು ಐದು ತಟಸ್ಥ ದೇಶಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರು ಅವರೇ. 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳನ್ನು ಭಾರತೀಯ ಕಾವಲುಪಡೆ ತಿಂಗಳುಗಟ್ಟಲೆ ಕಾಯಿತು. ಕೈದಿಗಳ ಶಿಬಿರದೊಳಗೇ ಎರಡು ಬಣಗಳು ಪರಸ್ಪರ ಕೊಲ್ಲಲು ಹವಣಿಸುತ್ತಿದ್ದವು. ಎರಡೂ ಮಹಾಶಕ್ತಿಗಳ ಬೈಗುಳ ತಿಂದ ಆಯೋಗ ಅದು. ಆದರೂ ಕದನವಿರಾಮ ಉಳಿಯಿತು.

ಸೈಪ್ರಸ್ಸಿನಲ್ಲಿ ತಿಮ್ಮಯ್ಯನವರು ಬಂದ ಮರುತಿಂಗಳೇ ಕೊಕ್ಕಿನಾದಲ್ಲಿ ಕಾಳಗ ನಡೆದು ಟರ್ಕಿಯ ವಿಮಾನಗಳು ಬಾಂಬು ಹಾಕಿದವು. ಆಗ 6,000ದಷ್ಟಿದ್ದ ಪಡೆಗೆ ದ್ವೀಪದ ತುಂಬ ಚದುರಿದ ಹಳ್ಳಿಗಳಲ್ಲಿ ಎರಡು ಸಮುದಾಯಗಳ ನಡುವೆ ನಿಲ್ಲುವ ಕೆಲಸ. ಯಾವ ರೈತ ಯಾವ ಹೊಲಕ್ಕೆ ಹೋಗಬಹುದು, ಯಾವ ರಸ್ತೆಯ ಅಡ್ಡಗಟ್ಟೆ ತೆಗೆಯಬೇಕು ಎಂಬುದೆಲ್ಲ ಒಂದೊಂದು ಸಂಧಾನ. 1965ರ ಡಿಸೆಂಬರ್ 18ರಂದು ತಿಮ್ಮಯ್ಯನವರು ಹುದ್ದೆಯಲ್ಲಿರುವಾಗಲೇ ಹೃದಯಾಘಾತದಿಂದ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಲಾರ್ನಕಾ ನಗರದ ಒಂದು ರಸ್ತೆಗೆ ಅವರ ಹೆಸರಿದೆ. ಮಡಿಕೇರಿಯ ಅವರ ಮನೆ ಸನ್ನಿಸೈಡ್ ಈಗ ವಸ್ತುಸಂಗ್ರಹಾಲಯ.

ಪಡೆ ಹತ್ತು ವರ್ಷ ದೊಡ್ಡ ಕಾಳಗವನ್ನು ದೂರ ಇಟ್ಟಿತು. 1974ರ ಜುಲೈನಲ್ಲಿ ಅಥೆನ್ಸಿನ ಸೇನಾಡಳಿತ ಸೈಪ್ರಸ್ಸಿನಲ್ಲಿ ಕ್ಷಿಪ್ರಕ್ರಾಂತಿ ಮಾಡಿಸಿದಾಗ, ಐದು ದಿನಗಳ ಬಳಿಕ ಟರ್ಕಿ ಸೈನ್ಯ ಇಳಿಸಿದಾಗ, ಅದರಿಂದ ತಡೆಯಲಾಗಲಿಲ್ಲ; ತಡೆಯುವ ಅಧಿಕಾರವೂ ಬಲವೂ ಅದಕ್ಕಿರಲಿಲ್ಲ. ಆದರೂ ಆ ದಿನಗಳಲ್ಲಿ ಭಾರತದ ಪ್ರೇಮ್ ಚಂದ್ ನಾಯಕತ್ವದ ಪಡೆ ನಿಕೋಸಿಯಾ ವಿಮಾನ ನಿಲ್ದಾಣವನ್ನು ವಿಶ್ವಸಂಸ್ಥೆಯ ರಕ್ಷಿತ ವಲಯ ಎಂದು ಘೋಷಿಸಿ, ಟರ್ಕಿಯ ಸೈನ್ಯಕ್ಕೆ ಬಿಟ್ಟುಕೊಡದೆ ನಿಂತಿತು. ಆಗಸ್ಟ್ 16ರ ಕದನವಿರಾಮದ ಬಳಿಕ ದ್ವೀಪಕ್ಕೆ ಅಡ್ಡಲಾಗಿ ಸುಮಾರು 180 ಕಿಲೋಮೀಟರ್ ಉದ್ದದ ನಡುವಲಯ ಬಂತು. ಕೆಲವು ಕಡೆ ಅದರ ಅಗಲ ಏಳು ಕಿಲೋಮೀಟರ್. ನಿಕೋಸಿಯಾದ ಹಳೆಯ ಪೇಟೆಯಲ್ಲಿ ಎದುರು ಬದುರಿನ ಎರಡು ಮನೆಗಳ ನಡುವಿನ ಓಣಿಯಷ್ಟೇ. ಅಲ್ಲಿ ಎರಡೂ ಕಡೆಯ ಸೈನಿಕರು ಒಬ್ಬರ ಮುಖ ಒಬ್ಬರಿಗೆ ಕಾಣುವಷ್ಟು ಹತ್ತಿರ ನಿಂತು ಬೈದಾಡುತ್ತಿದ್ದರು, ಕಲ್ಲೆಸೆಯುತ್ತಿದ್ದರು, ಆಗಾಗ ಗುಂಡು ಹಾರುತ್ತಿತ್ತು. 1989ರಲ್ಲಿ ವಿಶ್ವಸಂಸ್ಥೆ ಇಬ್ಬರನ್ನೂ ಒಪ್ಪಿಸಿ ಅಂಥ ಇಕ್ಕಟ್ಟಿನ ಠಾಣೆಗಳಿಂದ ಸೈನಿಕರನ್ನು ಹಿಂದಕ್ಕೆ ಕರೆಸಿತು. ಆ ಒಂದು ಕ್ರಮದಿಂದ ಓಣಿಯ ಸಾವುಗಳು ಇಳಿದವು.

ಈ ಗೆರೆಯ ಕೆಳಗೆ ಇನ್ನೊಂದು ಕಥೆ ಇದೆ. ನಗರ ಎರಡಾದರೂ ಅದರ ಒಳಚರಂಡಿ ಒಂದೇ ಆಗಿತ್ತು. 1970ರ ದಶಕದ ಕೊನೆಯಲ್ಲಿ ಎರಡು ಬದಿಯ ಮೇಯರ್‌ಗಳಾದ ಲೆಲ್ಲೋಸ್ ಡಿಮಿಟ್ರಿಯಾಡಿಸ್ ಮತ್ತು ಮುಸ್ತಫಾ ಅಕಿಂಜಿ, ರಾಜಕಾರಣಿಗಳು ಮಾತುಬಿಟ್ಟ ಕಾಲದಲ್ಲಿ, ಕೊಳಚೆ ನೀರನ್ನು ಒಟ್ಟಾಗಿ ಸಾಗಿಸಿ ಶುದ್ಧೀಕರಿಸುವ ಯೋಜನೆಗೆ ಕೈಹಾಕಿದರು. ನಡುವಲಯದಲ್ಲಿ ವಿಶ್ವಸಂಸ್ಥೆ ಇದ್ದುದರಿಂದಲೇ ಎರಡೂ ಬದಿಯ ಇಂಜಿನಿಯರುಗಳು ಕೂಡಿ ಕೆಲಸ ಮಾಡಲು ಸಾಧ್ಯವಾಯಿತು. ಹಾಗೆಯೇ ಹಳೆಯ ವಿಮಾನ ನಿಲ್ದಾಣದ ರಕ್ಷಿತ ವಲಯದಲ್ಲಿ ಇಂದು ಒಂದು ಪ್ರಯೋಗಾಲಯವಿದೆ. 1963–64 ಮತ್ತು 1974ರಲ್ಲಿ ಕಾಣೆಯಾದ 2,002 ಮಂದಿಯ ಪಟ್ಟಿ ಹಿಡಿದು, ನೆಲದಿಂದ ತೆಗೆದ ಮೂಳೆಗಳನ್ನು ಗ್ರೀಕ್ ಮತ್ತು ಟರ್ಕಿಷ್ ಸೈಪ್ರಿಯಟ್ ವಿಜ್ಞಾನಿಗಳು ಅಕ್ಕಪಕ್ಕ ನಿಂತು ಜೋಡಿಸುತ್ತಾರೆ. ಸಾವಿರಕ್ಕೂ ಹೆಚ್ಚು ಜನರ ಗುರುತು ಹತ್ತಿ ಅವಶೇಷಗಳು ಅವರವರ ಮನೆಯವರ ಕೈ ಸೇರಿವೆ. ಪಡೆಯ ಯಶಸ್ಸನ್ನು ಲೆಕ್ಕ ಹಾಕುವ ಯಾವ ಕೋಷ್ಟಕದಲ್ಲೂ ಇದು ಬರುವುದಿಲ್ಲ, ಬರಬೇಕಾಗಿತ್ತು.

ಹಾಗಿದ್ದೂ ಸೈಪ್ರಸ್ಸಿನ ಸಮಸ್ಯೆ ಬಗೆಹರಿದಿಲ್ಲ. 2004ರ ಏಪ್ರಿಲ್‌ನಲ್ಲಿ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಮುಂದಿಟ್ಟ ಪುನರೇಕೀಕರಣ ಯೋಜನೆಗೆ ಟರ್ಕಿಷ್ ಸೈಪ್ರಿಯಟರಲ್ಲಿ ಶೇ 65ರಷ್ಟು ಮಂದಿ ಹೂಂ ಎಂದರೆ ಗ್ರೀಕ್ ಸೈಪ್ರಿಯಟರಲ್ಲಿ ಶೇ 76ರಷ್ಟು ಮಂದಿ ಬೇಡ ಎಂದರು. ಕಾವಲು ಇಷ್ಟು ಭದ್ರವಾಗಿದ್ದುದರಿಂದಲೇ ರಾಜಿಯ ತುರ್ತು ಯಾರಿಗೂ ಕಾಣಲಿಲ್ಲ ಎನ್ನುವ ವಿಮರ್ಶಕರಿದ್ದಾರೆ. ವಿದ್ವಾಂಸರಾದ ಮೈಕೆಲ್ ಗ್ರೇಗ್ ಮತ್ತು ಪಾಲ್ ಡೀಲ್ 2005ರಲ್ಲಿ ಈ ವಾದವನ್ನು ಅಂಕಿಅಂಶಗಳಿಂದ ಪರೀಕ್ಷಿಸಿ, ಪಡೆ ಇರುವಲ್ಲಿ ಸಂಧಾನದ ಪ್ರಯತ್ನ ಕುಂಟುವ ಸಾಧ್ಯತೆ ಇದೆ ಎಂದರು. ವಾದದಲ್ಲಿ ಸತ್ಯಾಂಶವಿದೆ. ಆದರೆ ಇದಕ್ಕೆ ಪರಿಹಾರವಾಗಿ ಪಡೆಯನ್ನು ತೆಗೆದು, ಮತ್ತೆ ಸಾವುಗಳಾದರೆ ರಾಜಿಗೆ ಬರುತ್ತಾರೆ ಎಂದು ಕಾಯುವುದನ್ನು ಒಪ್ಪಲಾಗದು. 1974ರ ಬಳಿಕ ಹುಟ್ಟಿದ ಎರಡು ತಲೆಮಾರು ಯುದ್ಧ ಕಾಣದೆ ಬೆಳೆದಿದೆ. 2003ರಿಂದ ಗೆರೆ ದಾಟಲು ಜನರಿಗೆ ಅವಕಾಶವೂ ಇದೆ.

ಅಂತರ್ಯುದ್ಧಗಳ ಕಾಲ

1988ರಲ್ಲಿ ಶಾಂತಿಪಾಲನಾ ಪಡೆಗಳಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಶೀತಲ ಸಮರ ಮುಗಿಯುತ್ತಿದ್ದಂತೆ ಕೆಲಸದ ಸ್ವರೂಪವೇ ಬದಲಾಯಿತು. ಎರಡು ದೇಶಗಳ ನಡುವಿನ ಗೆರೆ ಕಾಯುವುದರ ಜಾಗದಲ್ಲಿ ಒಂದೇ ದೇಶದೊಳಗೆ ಬಂಡಾಯಗಾರರ ಆಯುಧ ಇಳಿಸುವುದು, ಚುನಾವಣೆ ನಡೆಸುವುದು, ಪೊಲೀಸರನ್ನು ತರಬೇತುಗೊಳಿಸುವುದು, ನಿರಾಶ್ರಿತರನ್ನು ಮನೆಗೆ ತಲುಪಿಸುವುದು ಬಂದವು.

ನಮೀಬಿಯಾ ಇದರ ಮೊದಲ ದೊಡ್ಡ ಪರೀಕ್ಷೆ. ಖರ್ಚಿನ ಜಗಳದಲ್ಲಿ ಸೈನಿಕರ ಸಂಖ್ಯೆಯನ್ನು 7,500ರಿಂದ 4,650ಕ್ಕೆ ಇಳಿಸಲಾಯಿತು, ರವಾನೆಯೂ ತಡವಾಯಿತು. ಕದನವಿರಾಮ ಜಾರಿಯಾಗಬೇಕಿದ್ದ 1989ರ ಏಪ್ರಿಲ್ 1ರಂದೇ ದಕ್ಷಿಣ ಆಫ್ರಿಕಾದ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಸ್ವಾಪೊ ಸಂಘಟನೆಯವರು ಅಂಗೋಲಾದಿಂದ ಗಡಿ ದಾಟಿ ಬಂದರು. ನೆಲದಲ್ಲಿ ಸಾಕಷ್ಟು ಸೈನಿಕರೇ ಇರಲಿಲ್ಲ. ದಕ್ಷಿಣ ಆಫ್ರಿಕಾದ ಪಡೆಗಳನ್ನು ಶಿಬಿರದಿಂದ ಹೊರಗೆ ಬಿಡಬೇಕಾಯಿತು. ಕೆಲವೇ ದಿನಗಳಲ್ಲಿ ಮುನ್ನೂರರಷ್ಟು ಮಂದಿ ಸತ್ತರು. ಒಪ್ಪಂದ ಅಲ್ಲಿಗೇ ಮುಗಿಯಬಹುದಿತ್ತು. ಮುಗಿಯದೆ ಉಳಿದದ್ದು ಅಮೆರಿಕ, ಸೋವಿಯತ್ ಒಕ್ಕೂಟ, ಕ್ಯೂಬಾ, ದಕ್ಷಿಣ ಆಫ್ರಿಕಾ ಎಲ್ಲಕ್ಕೂ ಅದು ಬೇಕಾಗಿದ್ದರಿಂದ. 1990ರ ಮಾರ್ಚ್ 21ರಂದು ದೇಶ ಸ್ವತಂತ್ರವಾಯಿತು. ಆ ಪಡೆಯ ಕಮಾಂಡರ್ ಆಗಿದ್ದವರೂ ಸೈಪ್ರಸ್ಸಿನಲ್ಲಿದ್ದ ಅದೇ ಪ್ರೇಮ್ ಚಂದ್.

ಅಂಗೋಲಾ ಮತ್ತು ಮೊಜಾಂಬಿಕ್‌ಗಳನ್ನು ಜೊತೆಗಿಟ್ಟು ನೋಡಬೇಕು. ಎರಡೂ ಪೋರ್ಚುಗೀಸರ ಹಳೆಯ ವಸಾಹತುಗಳು, ಎರಡರಲ್ಲೂ ದಶಕಕ್ಕೂ ಮೀರಿದ ಅಂತರ್ಯುದ್ಧ. ಅಂಗೋಲಾದಂಥ ವಿಶಾಲ ದೇಶಕ್ಕೆ ಕಳಿಸಿದ್ದು ಕೇವಲ ಕೆಲವು ನೂರು ವೀಕ್ಷಕರನ್ನು. ಎರಡೂ ಕಡೆಯ ಸೈನ್ಯ ವಿಸರ್ಜನೆಯಾಗುವ ಮೊದಲೇ 1992ರ ಸೆಪ್ಟೆಂಬರಿನಲ್ಲಿ ಚುನಾವಣೆ ನಡೆಯಿತು. ಹಿಂದೆ ಬಿದ್ದ ಬಂಡಾಯ ನಾಯಕ ಜೊನಾಸ್ ಸವಿಂಬಿ ಫಲಿತಾಂಶ ತಿರಸ್ಕರಿಸಿ ಕಾಡಿಗೆ ಮರಳಿದರು. ವಜ್ರದ ಗಣಿಗಳು ಅವರ ಖಜಾನೆಯಾಗಿದ್ದವು. ಹತ್ತು ವರ್ಷಗಳ ಬಳಿಕ ಅವರು ಸಾಯುವವರೆಗೆ ಯುದ್ಧ ನಿಲ್ಲಲಿಲ್ಲ. ಈ ಪಾಠವನ್ನು ಮನಗಂಡ ವಿಶ್ವಸಂಸ್ಥೆಯ ಪ್ರತಿನಿಧಿ, ಇಟಲಿಯ ಆಲ್ಡೊ ಅಯೆಲ್ಲೊ, ಮೊಜಾಂಬಿಕ್‌ನಲ್ಲಿ ಸೈನ್ಯ ವಿಸರ್ಜನೆ ಆಗದೆ ಚುನಾವಣೆ ಇಲ್ಲ ಎಂದು ಪಟ್ಟು ಹಿಡಿದರು. 6,000ಕ್ಕೂ ಹೆಚ್ಚು ಸೈನಿಕರು ಬಂದರು. ಬಂಡಾಯದ ರೆನಾಮೊ ಗುಂಪು ರಾಜಕೀಯ ಪಕ್ಷವಾಗಿ ಬದಲಾಗಲು ಹಣ ಬೇಕು ಎಂದಾಗ ಅದಕ್ಕೊಂದು ನಿಧಿಯನ್ನೇ ತೆರೆಯಲಾಯಿತು. ಬಂಡಾಯಗಾರರಿಗೆ ದುಡ್ಡು ಕೊಡುವುದೇ ಎಂದು ಮೂಗು ಮುರಿದವರಿದ್ದರು. ಆದರೆ ಕಾಡಿನಲ್ಲಿ ಬಂದೂಕಿನಿಂದ ಊಟ ಸಂಪಾದಿಸಿದವರಿಗೆ ಊರಿನಲ್ಲಿ ಬದುಕುವ ದಾರಿ ತೋರಿಸದೆ ಆಯುಧ ಕೆಳಗಿಡಿ ಎಂದರೆ ಇಡುವುದಿಲ್ಲ. 1994ರ ಅಕ್ಟೋಬರಿನ ಚುನಾವಣೆಯ ಹೊತ್ತಿಗೆ ರೆನಾಮೊ ನಾಯಕ ಬಹಿಷ್ಕಾರ ಘೋಷಿಸಿದರೂ ಒಂದೇ ದಿನದಲ್ಲಿ ಅವರನ್ನು ಒಲಿಸಿ ಹಿಂದಕ್ಕೆ ತರಲಾಯಿತು. ಸೋತ ಮೇಲೂ ಅವರು ಆಗ ಯುದ್ಧಕ್ಕೆ ಮರಳಲಿಲ್ಲ.

ರುವಾಂಡಾದಲ್ಲಿಯೂ 1993ರ ಆಗಸ್ಟ್‌ನಲ್ಲಿ ಸರ್ಕಾರ ಮತ್ತು ಬಂಡಾಯಗಾರರ ನಡುವೆ ಅರುಷಾ ಒಪ್ಪಂದವಾಗಿತ್ತು. ಕೆನಡಾದ ರೋಮಿಯೊ ಡಲೇರ್ ನೇತೃತ್ವದಲ್ಲಿ 2,500ರಷ್ಟು ಸೈನಿಕರು ಹೋದರು. ಆಯುಧಗಳನ್ನು ಗುಟ್ಟಾಗಿ ಕೂಡಿಹಾಕಲಾಗುತ್ತಿದೆ, ಟುಟ್ಸಿಗಳನ್ನು ಕೊಲ್ಲುವ ತಯಾರಿ ನಡೆದಿದೆ ಎಂದು 1994ರ ಜನವರಿಯಲ್ಲೇ ಡಲೇರ್ ನ್ಯೂಯಾರ್ಕಿಗೆ ತಿಳಿಸಿದರು. ಆಯುಧ ವಶಪಡಿಸಿಕೊಳ್ಳಲು ಅನುಮತಿ ಸಿಗಲಿಲ್ಲ. ಏಪ್ರಿಲ್‌ನಲ್ಲಿ ಹತ್ಯಾಕಾಂಡ ಆರಂಭವಾಗಿ ಬೆಲ್ಜಿಯಂನ ಹತ್ತು ಸೈನಿಕರು ಕೊಲೆಯಾದ ಕೂಡಲೇ ಆ ದೇಶ ತನ್ನವರನ್ನು ವಾಪಸು ಕರೆಸಿತು. ಭದ್ರತಾ ಮಂಡಳಿ ಏಪ್ರಿಲ್ 21ರಂದು ಪಡೆಯನ್ನು 270 ಮಂದಿಗೆ ಇಳಿಸುವ ನಿರ್ಣಯ ಮಾಡಿತು. ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನ ಸತ್ತರು. ಘಾನಾದ ಸೈನಿಕರೂ ಸೇರಿ ಉಳಿದ ಕೆಲವೇ ನೂರು ಮಂದಿ ಕಿಗಾಲಿಯ ಕ್ರೀಡಾಂಗಣದಲ್ಲಿ ಸಾವಿರಾರು ಜನರ ಜೀವ ಉಳಿಸಿದರು. ಅಷ್ಟು ಕಡಿಮೆ ಮಂದಿಯಿಂದ ಅಷ್ಟಾದರೂ ಆಯಿತು ಎಂದ ಮೇಲೆ, ಪಡೆಯನ್ನು ಕುಗ್ಗಿಸಿದ ನಿರ್ಣಯಕ್ಕೆ ಯಾವ ಸಮರ್ಥನೆಯೂ ಇಲ್ಲ. ಮರುವರ್ಷದ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿಕಾದಲ್ಲಿ, ಭದ್ರತಾ ಮಂಡಳಿಯೇ ಸುರಕ್ಷಿತ ವಲಯ ಎಂದು ಸಾರಿದ ಊರಿನಲ್ಲಿ, ಕೆಲವು ನೂರು ಡಚ್ ಸೈನಿಕರ ಎದುರಿಗೇ ಸುಮಾರು 8,000 ಮುಸ್ಲಿಂ ಗಂಡಸರು ಮತ್ತು ಹುಡುಗರನ್ನು ಬೇರ್ಪಡಿಸಿ ಒಯ್ದು ಕೊಂದರು. ಅಲ್ಲಿ ಕಾಯಲು ಶಾಂತಿಯೇ ಇರಲಿಲ್ಲ. ವರ್ಷದ ಕೊನೆಗೆ ಬೋಸ್ನಿಯಾದ ಯುದ್ಧ ನಿಲ್ಲಿಸಿದ ಡೇಟನ್ ಒಪ್ಪಂದವಾದ ಬಳಿಕ ನ್ಯಾಟೊ 60,000 ಸೈನಿಕರೊಂದಿಗೆ ಬಂದಿತು. ಆ ಒಪ್ಪಂದ ಮುರಿಯಲಿಲ್ಲ.

ಸಿಯೆರಾ ಲಿಯೋನ್ ಈ ಎರಡು ಸೋಲುಗಳ ನಂತರದ ಪಾಠ. 1999ರ ಲೋಮೆ ಒಪ್ಪಂದದ ಬಳಿಕ ಹೋದ ಪಡೆಯ ಸುಮಾರು 500 ಮಂದಿಯನ್ನು 2000ದ ಮೇ ತಿಂಗಳಲ್ಲಿ ಬಂಡಾಯಗಾರರು ಸೆರೆಹಿಡಿದರು. ಕೈಲಾಹುನ್ ಎಂಬಲ್ಲಿ ಭಾರತದ ಗೂರ್ಖಾ ರೈಫಲ್ಸ್‌ನ ಎರಡು ಕಂಪನಿಗಳು ಎರಡು ತಿಂಗಳಿಗೂ ಹೆಚ್ಚು ಕಾಲ ಮುತ್ತಿಗೆಯಲ್ಲಿದ್ದವು. ಜುಲೈ 15–16ರಂದು ಮೇಜರ್ ಜನರಲ್ ವಿಜಯ್ ಕುಮಾರ್ ಜೇಟ್ಲಿ ಅವರ ನೇತೃತ್ವದಲ್ಲಿ ನಡೆದ ಆಪರೇಷನ್ ಖುಕ್ರಿ ಅವರನ್ನು ಬಿಡಿಸಿ ತಂದಿತು. ಬ್ರಿಟನ್ ಬೇರೆಯಾಗಿ ಸೈನ್ಯ ಇಳಿಸಿತು. ವಿಶ್ವಸಂಸ್ಥೆ ಹಿಂದೆ ಸರಿಯದೆ ಪಡೆಯನ್ನು 17,500ಕ್ಕೆ ಏರಿಸಿತು. 2002ರ ಜನವರಿಯ ಹೊತ್ತಿಗೆ 70,000ಕ್ಕೂ ಹೆಚ್ಚು ಹೋರಾಟಗಾರರು ಆಯುಧ ಒಪ್ಪಿಸಿದ್ದರು. ಅವರಲ್ಲಿ ಸಾವಿರಾರು ಮಕ್ಕಳು. ಅಲ್ಲಿಂದ ಆ ದೇಶ ಯುದ್ಧಕ್ಕೆ ಮರಳಿಲ್ಲ. ನೆರೆಯ ಲೈಬೀರಿಯಾಕ್ಕೆ 2007ರಲ್ಲಿ ಭಾರತ ಕಳಿಸಿದ ಪೊಲೀಸ್ ತುಕಡಿ, ಮಹಿಳೆಯರೇ ಇದ್ದ ವಿಶ್ವಸಂಸ್ಥೆಯ ಮೊದಲ ತುಕಡಿ.

ಎರಡು ದೇಶಗಳ ನಡುವಿನ ಹಳೆಯ ಮಾದರಿಯೂ ಈ ಕಾಲದಲ್ಲಿ ಒಮ್ಮೆ ಸೋತಿತು. ಇಥಿಯೋಪಿಯಾ–ಎರಿಟ್ರಿಯಾ ಯುದ್ಧ 2000ದಲ್ಲಿ ನಿಂತಾಗ ಎರಿಟ್ರಿಯಾದ ನೆಲದಲ್ಲಿ 25 ಕಿಲೋಮೀಟರ್ ಅಗಲದ ಭದ್ರತಾ ವಲಯ ಮಾಡಿ ಸುಮಾರು 4,000 ಸೈನಿಕರನ್ನು ನಿಲ್ಲಿಸಲಾಯಿತು. ಅವರಲ್ಲಿ ಭಾರತೀಯರೂ ಇದ್ದರು. ಗಡಿ ಆಯೋಗ 2002ರಲ್ಲಿ ಬಾದ್ಮೆ ಊರನ್ನು ಎರಿಟ್ರಿಯಾಕ್ಕೆ ಕೊಟ್ಟಿತು, ಇಥಿಯೋಪಿಯಾ ತೀರ್ಪನ್ನು ಜಾರಿಗೆ ಬಿಡಲಿಲ್ಲ, ಜಗತ್ತು ಒತ್ತಾಯಿಸಲಿಲ್ಲ. ಸಿಟ್ಟಿಗೆದ್ದ ಎರಿಟ್ರಿಯಾ ಮೊದಲು ಪಡೆಯ ಹೆಲಿಕಾಪ್ಟರುಗಳನ್ನು ನೆಲಕ್ಕಿಳಿಸಿತು, ಆಮೇಲೆ ಇಂಧನ ನಿಲ್ಲಿಸಿತು. 2008ರ ಜುಲೈನಲ್ಲಿ ಪಡೆ ಗಂಟುಮೂಟೆ ಕಟ್ಟಿತು. ಇಲ್ಲಿ ಸೋತದ್ದು ಸೈನಿಕರಲ್ಲ, ತೀರ್ಪಿನ ಬೆನ್ನಿಗೆ ನಿಲ್ಲಬೇಕಿದ್ದ ದೊಡ್ಡ ರಾಷ್ಟ್ರಗಳು.

ಶ್ರೀಲಂಕಾದ ಎರಡು ಅನುಭವ

ಭಾರತ ಒಂಟಿಯಾಗಿ ನಡೆಸಿದ ಶಾಂತಿಪಾಲನೆ ಶ್ರೀಲಂಕಾದ್ದು. 1987ರ ಜುಲೈ 29ರ ಭಾರತ–ಶ್ರೀಲಂಕಾ ಒಪ್ಪಂದಕ್ಕೆ ತಮಿಳು ಬಂಡಾಯಗಾರರ ಸಂಘಟನೆಯಾದ ಎಲ್‌ಟಿಟಿಇ ಸಹಿ ಹಾಕಿರಲಿಲ್ಲ. ಒತ್ತಡಕ್ಕೆ ತಲೆಬಾಗಿತ್ತು ಅಷ್ಟೇ. ಆಗಸ್ಟ್‌ನಲ್ಲಿ ಹೆಸರಿಗೆ ಕೆಲವು ಆಯುಧ ಒಪ್ಪಿಸಿದ ಆ ಸಂಘಟನೆ ಅಕ್ಟೋಬರಿನಲ್ಲಿ ಭಾರತೀಯ ಸೈನ್ಯದೊಂದಿಗೇ ಯುದ್ಧಕ್ಕೆ ನಿಂತಿತು. ಆಯುಧ ಇಳಿಸುವ ಹೊಣೆಯನ್ನು ಭಾರತವೇ ವಹಿಸಿಕೊಂಡದ್ದರಿಂದ, ಕಾಯಲು ಹೋದವರು ಕಾಳಗದ ಪಕ್ಷವಾಗಿಬಿಟ್ಟರು. ಜಾಫ್ನಾದ ಆಸ್ಪತ್ರೆಯಲ್ಲಿ ರೋಗಿಗಳೂ ಸಿಬ್ಬಂದಿಯೂ ಸತ್ತ ಘಟನೆ ಅಲ್ಲಿನ ತಮಿಳರ ಮನಸ್ಸಿನಿಂದ ಇಂದಿಗೂ ಅಳಿದಿಲ್ಲ. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಹಡಗು ಹತ್ತುವ ಹೊತ್ತಿಗೆ ಸುಮಾರು 1,200 ಭಾರತೀಯ ಸೈನಿಕರು ಸತ್ತಿದ್ದರು. ಬೇಡವಾಗಿದ್ದದ್ದು ಎಲ್‌ಟಿಟಿಇಗೆ ಮಾತ್ರವಲ್ಲ. ಕೊಲಂಬೊದ ಹೊಸ ಸರ್ಕಾರವೂ ಹೊರಡಿ ಎಂದಿತ್ತು.

2002ರ ಫೆಬ್ರುವರಿಯಲ್ಲಿ ನಾರ್ವೆಯ ಮಧ್ಯಸ್ಥಿಕೆಯಿಂದ ಆದ ಕದನವಿರಾಮಕ್ಕೆ ಇದಕ್ಕೆ ತೀರ ವಿರುದ್ಧವಾದ ಏರ್ಪಾಡು: ನಾರ್ಡಿಕ್ ದೇಶಗಳ ನಿರಾಯುಧ ವೀಕ್ಷಕರು. ಅವರು ಸಾವಿರಾರು ಉಲ್ಲಂಘನೆಗಳನ್ನು ಶ್ರದ್ಧೆಯಿಂದ ದಾಖಲಿಸಿದರು, ಹೆಚ್ಚಿನವು ಎಲ್‌ಟಿಟಿಇಯವು. ದಾಖಲಿಸುವುದರ ಆಚೆಗೆ ಅವರ ಕೈಯಲ್ಲಿ ಏನೂ ಇರಲಿಲ್ಲ. 2006ರಲ್ಲಿ ಐರೋಪ್ಯ ಒಕ್ಕೂಟ ಎಲ್‌ಟಿಟಿಇಯನ್ನು ಭಯೋತ್ಪಾದಕ ಸಂಘಟನೆ ಎಂದು ಸಾರಿದಾಗ, ಆ ಒಕ್ಕೂಟದ ದೇಶಗಳ ವೀಕ್ಷಕರು ಹೊರಡಬೇಕೆಂದು ಎಲ್‌ಟಿಟಿಇ ಹಟ ಹಿಡಿಯಿತು. 2008ರ ಜನವರಿಯಲ್ಲಿ ಸರ್ಕಾರ ಒಪ್ಪಂದದಿಂದ ಹೊರಬಂತು. ಎಪ್ಪತ್ತು ಸಾವಿರ ಸೈನಿಕರ ಪಡೆಯೂ ಸೋತ, ಬರಿಗೈಯ ವೀಕ್ಷಕರೂ ಸೋತ ಒಂದೇ ದೇಶ ಇದು. ಎರಡೂ ಸಲ ಕನಿಷ್ಠ ಒಂದು ಪಕ್ಷ ವಿರಾಮವನ್ನು ಮುಂದಿನ ಯುದ್ಧದ ತಯಾರಿಯ ಸಮಯವೆಂದೇ ನೋಡಿತ್ತು.

ಸಂಶೋಧನೆ ಹೇಳುವುದು

1990ರ ದಶಕದ ಸೋಲುಗಳ ಬಳಿಕ ವಿದ್ವಾಂಸರು ಅನಿಸಿಕೆಯನ್ನು ಬದಿಗಿಟ್ಟು ಅಂಕಿಅಂಶಕ್ಕೆ ಇಳಿದರು. ಪಡೆಗಳನ್ನು ಸುಲಭದ ಕಡೆ ಕಳಿಸುವುದಿಲ್ಲ, ಕದನವಿರಾಮ ತೀರ ನಾಜೂಕಾಗಿರುವ ಕಡೆ ಕಳಿಸುತ್ತಾರೆ. ಆದ್ದರಿಂದ ಪಡೆ ಇದ್ದ ಕಡೆಯ ಸೋಲುಗಳನ್ನು ಬರಿದೆ ಎಣಿಸಿದರೆ ತಪ್ಪು ಚಿತ್ರ ಬರುತ್ತದೆ. ಸಾವು ಮನೆಗಿಂತ ಆಸ್ಪತ್ರೆಯಲ್ಲಿ ಹೆಚ್ಚು ಎಂದು ವೈದ್ಯರನ್ನು ದೂರಿದಂತೆ. ಕೊಲಂಬಿಯಾ ವಿಶ್ವವಿದ್ಯಾಲಯದ ವರ್ಜೀನಿಯಾ ಪೇಜ್ ಫೋರ್ಟ್ನಾ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡು, ಪಡೆ ಇದ್ದಲ್ಲಿ ಯುದ್ಧ ಮರುಕಳಿಸುವ ಅಪಾಯ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆ ಎಂದು 2008ರ ಪುಸ್ತಕದಲ್ಲಿ ತೋರಿಸಿದರು. ಮೈಕೆಲ್ ಡಾಯ್ಲ್ ಮತ್ತು ನಿಕೋಲಸ್ ಸಂಬಾನಿಸ್ ಬೇರೆ ದಾರಿಯಲ್ಲಿ ನಡೆದು ಹೆಚ್ಚು ಕಡಿಮೆ ಅಲ್ಲಿಗೇ ಬಂದರು. ಲೀಸಾ ಹುಲ್ಟ್‌ಮನ್, ಜೇಕಬ್ ಕ್ಯಾಥ್‌ಮನ್, ಮೇಗನ್ ಶಾನನ್ ಅವರ 2013ರ ಅಧ್ಯಯನದ ಪ್ರಕಾರ ಸೈನಿಕರ ಮತ್ತು ಪೊಲೀಸರ ಸಂಖ್ಯೆ ಹೆಚ್ಚಿದಂತೆ ನಾಗರಿಕರ ಹತ್ಯೆ ಇಳಿಯುತ್ತದೆ. ಬರೀ ವೀಕ್ಷಕರಿಂದ ಆ ಪರಿಣಾಮ ಕಾಣುವುದಿಲ್ಲ. ಅಂಗೋಲಾ ಮತ್ತು ಸಿಯೆರಾ ಲಿಯೋನ್‌ಗಳ ಕಥೆ ತಿಳಿದವರಿಗೆ ಇದು ಆಶ್ಚರ್ಯವಲ್ಲ. ಕಾಂಗೊವನ್ನು ಹತ್ತಿರದಿಂದ ಕಂಡ ಸಂಶೋಧಕಿ ಸೆವರಿನ್ ಒಟೆಸ್ಸೇರ್ ಮಾತ್ರ ಬೇರೊಂದು ಎಚ್ಚರಿಕೆ ಕೊಡುತ್ತಾರೆ: ರಾಜಧಾನಿಯ ಒಪ್ಪಂದದ ಮೇಲೆಯೇ ಗಮನವಿಟ್ಟ ಪಡೆಗಳಿಗೆ, ಹಳ್ಳಿಯಲ್ಲಿ ಜಮೀನಿಗಾಗಿ, ಮುಖಂಡತನಕ್ಕಾಗಿ ನಡೆಯುವ ಕೊಲೆಗಳು ಕಾಣುವುದೇ ಇಲ್ಲ.

ಪಡೆಗಳಿಂದಲೇ ಆದ ಅನ್ಯಾಯಗಳನ್ನೂ ಈ ಲೆಕ್ಕದಲ್ಲಿ ಹಿಡಿಯಬೇಕು. ಹೈಟಿಯಲ್ಲಿ 2010ರಲ್ಲಿ ವಿಶ್ವಸಂಸ್ಥೆಯ ಶಿಬಿರದ ಕೊಳಚೆಯಿಂದ ಹಬ್ಬಿದ ಕಾಲರಾಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. ತನ್ನ ಪಾತ್ರವನ್ನು ಸಂಸ್ಥೆ ಒಪ್ಪಿಕೊಳ್ಳಲು 2016ರವರೆಗೆ ಕಾಯಬೇಕಾಯಿತು. ಹಲವು ದೇಶಗಳಲ್ಲಿ ಪಡೆಯವರು ಹೆಂಗಸರ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದು ಸಾಬೀತಾಗಿದೆ. ತಪ್ಪಿತಸ್ಥ ಸೈನಿಕನನ್ನು ವಿಚಾರಣೆ ಮಾಡುವ ಅಧಿಕಾರ ಅವನ ದೇಶಕ್ಕೆ ಮಾತ್ರ ಇರುವುದರಿಂದ ಅನೇಕರು ಶಿಕ್ಷೆಯಾಗದೆ ತಪ್ಪಿಸಿಕೊಂಡಿದ್ದಾರೆ.

ಇತ್ತೀಚಿನ ಸ್ಥಿತಿ

ಈಗಿನ ಕಾಲ ಈ ಪಡೆಗಳಿಗೆ ಒಳ್ಳೆಯದಲ್ಲ. ಗೋಲಾನ್ ಬೆಟ್ಟಗಳಲ್ಲಿ 1974ರಿಂದ ಇಸ್ರೇಲ್–ಸಿರಿಯಾ ನಡುವೆ ನಿಂತ ಪಡೆ ನಾಲ್ಕು ದಶಕ ಆ ಗಡಿಯನ್ನು ಶಾಂತವಾಗಿಟ್ಟಿತು. ಸಿರಿಯಾದ ಅಂತರ್ಯುದ್ಧದಲ್ಲಿ, 2014ರಲ್ಲಿ, ಅದರ 45 ಫಿಜಿ ಸೈನಿಕರು ಉಗ್ರರ ಸೆರೆಯಾದರು. 2024ರ ಡಿಸೆಂಬರಿನಲ್ಲಿ ಅಸಾದ್ ಸರ್ಕಾರ ಬಿದ್ದ ಕೂಡಲೇ ಇಸ್ರೇಲ್ ಆ ವಲಯಕ್ಕೇ ಸೈನ್ಯ ನುಗ್ಗಿಸಿತು. ಮಾಲಿ ಸರ್ಕಾರ ಹೊರಡಿ ಎಂದದ್ದರಿಂದ 2023ರ ಕೊನೆಗೆ ಅಲ್ಲಿನ ಪಡೆ ಹೊರಬಂತು. ದಕ್ಷಿಣ ಲೆಬನಾನಿನ ಪಡೆಯಲ್ಲಿ 1998ರಿಂದ ಭಾರತದ ಒಂದು ಬಟಾಲಿಯನ್ ಇದೆ. ಹಳ್ಳಿಗರ ಆಡು, ದನಗಳಿಗೆ ಚಿಕಿತ್ಸೆ ಕೊಡುವ ಅದರ ಪಶುವೈದ್ಯರು ಅಲ್ಲಿ ಮನೆಮಾತು. ಭದ್ರತಾ ಮಂಡಳಿಯ 2006ರ ನಿರ್ಣಯದಂತೆ ಹೆಜ್ಬೊಲ್ಲಾದ ಆಯುಧಗಳು ಆ ಪ್ರದೇಶದಿಂದ ಹೋಗಬೇಕಿತ್ತು, ಹೋಗಲಿಲ್ಲ. ಇಸ್ರೇಲಿ ವಿಮಾನಗಳ ಹಾರಾಟ ನಿಲ್ಲಬೇಕಿತ್ತು, ನಿಲ್ಲಲಿಲ್ಲ. 2023–24ರ ಯುದ್ಧದಲ್ಲಿ ಪಡೆಯ ಠಾಣೆಗಳ ಮೇಲೂ ಗುಂಡು ಬಿದ್ದಿತು. 2026ರ ಡಿಸೆಂಬರ್ 31ಕ್ಕೆ ಅದರ ಕಾರ್ಯಾಚರಣೆ ನಿಲ್ಲಬೇಕೆಂದು ಭದ್ರತಾ ಮಂಡಳಿ 2025ರ ಆಗಸ್ಟ್‌ನಲ್ಲಿ ತೀರ್ಮಾನಿಸಿತು.

ಹಣದ ಕೊರತೆ ಇದೆಲ್ಲಕ್ಕಿಂತ ತೀವ್ರ. ಎಲ್ಲ ಕಾರ್ಯಾಚರಣೆಗಳ ವಾರ್ಷಿಕ ಬಜೆಟ್ 2024–25ರಲ್ಲಿ ಸುಮಾರು 560 ಕೋಟಿ ಡಾಲರ್. ಜಗತ್ತಿನ ದೇಶಗಳು ಸೈನ್ಯಕ್ಕೆ ಸುರಿಯುವ ಹಣದಲ್ಲಿ ಇದು ಶೇ ಅರ್ಧಕ್ಕೂ ಕಡಿಮೆ. ಇದರಲ್ಲಿ ಕಾಲುಭಾಗಕ್ಕೂ ಮಿಗಿಲಾದ ಪಾಲು ಅಮೆರಿಕದ್ದು, ಅದಕ್ಕೆ ಸಮೀಪದ್ದು ಚೀನಾದ್ದು. ಪಾಲು ಸಕಾಲಕ್ಕೆ ಬಾರದ ಕಾರಣ 2025ರ ಅಕ್ಟೋಬರಿನಲ್ಲಿ ಒಂಬತ್ತು ಕಾರ್ಯಾಚರಣೆಗಳಿಂದ ಸುಮಾರು ಕಾಲುಭಾಗ ಸೈನಿಕರನ್ನೂ ಪೊಲೀಸರನ್ನೂ ವಾಪಸು ಕಳಿಸಲು ವಿಶ್ವಸಂಸ್ಥೆ ನಿರ್ಧರಿಸಿತು. ಸೈನಿಕರನ್ನು ಕಳಿಸುವ ದೇಶಗಳಿಗೆ ಸೈನಿಕನೊಬ್ಬನ ಲೆಕ್ಕದಲ್ಲಿ ತಿಂಗಳಿಗೆ 1,400 ಡಾಲರಿಗೆ ತುಸು ಹೆಚ್ಚು ಸಲ್ಲಬೇಕು. ಭಾರತ, ಬಾಂಗ್ಲಾದೇಶ, ನೇಪಾಳ, ರುವಾಂಡಾಗಳಂಥ ದೇಶಗಳಿಗೆ ಆ ಬಾಕಿ ಬರುವುದು ಬಹಳ ತಡವಾಗಿ. ಬಾಕಿ ಉಳಿಸಿಕೊಂಡ ರಾಷ್ಟ್ರಗಳಲ್ಲಿ ಕೆಲವು, ಭದ್ರತಾ ಮಂಡಳಿಯಲ್ಲಿ ಕುಳಿತು ಈ ಪಡೆಗಳಿಗೆ ಹೊಣೆ ಹೊರಿಸುವವೇ ಆಗಿವೆ.